ಬಾಗಿಲ ಮೇಲಿನ ಅಕ್ಷರ

ನ್ಯೂಯಾರ್ಕ್ ನಗರದಲ್ಲಿರುವ ನನ್ನ ಅಕ್ಕನ ಮಗಳು ಕಳೆದ ಚಳಿಗಾಲದಲ್ಲಿ ನನಗೊಂದು ಚಿತ್ರ ಕಳುಹಿಸಿದಳು. ಅವಳು ವಾಸವಾಗಿರುವ ಹಳೆಯ ಕಟ್ಟಡದ ಹೆಬ್ಬಾಗಿಲಿನ ಪಕ್ಕದಲ್ಲಿ ಅಂಟಿಸಿದ ಒಂದು ಹಾಳೆ. ಅದರಲ್ಲಿ ದೂರದಿಂದಲೂ ಕಾಣುವಷ್ಟು ದಪ್ಪನಾಗಿ 'ಡಿ' ಎಂಬ ಒಂದು ಅಕ್ಷರ. ಕೆಳಗೆ ಅವಳ ಒಕ್ಕಣೆ: "ಮಾಮ, ನೀವು ಹುಡುಗರಿಗೆ ಕೊಡೋ ದರ್ಜೆ ಇಲ್ಲಿ ಮನೆಗಳಿಗೇ ಕೊಡ್ತಾರೆ. ನಮ್ಮ ಮನೆ ಪಾಸೋ ಫೇಲೋ ನೀವೇ ಹೇಳಿ."

ಇಪ್ಪತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿಕೊಂಡು ಬಂದವನಿಗೆ ಇಂಥ ಪ್ರಶ್ನೆ ತಮಾಷೆಯಾಗಿ ಉಳಿಯುವುದಿಲ್ಲ. ಅಂಕ ಕೊಡುವುದು ನನ್ನ ಹೊಟ್ಟೆಪಾಡು. ಕೊಟ್ಟ ಅಂಕ ನ್ಯಾಯವಾದುದೇ ಎಂದು ರಾತ್ರಿ ಹಾಸಿಗೆಯಲ್ಲಿ ಹೊರಳುವುದು ನನ್ನ ಹಳೆಯ ರೋಗ. ಆದ್ದರಿಂದ ಆ ಹಾಳೆಯ ಹಿಂದೆ ಏನಿದೆಯೆಂದು ಬಿಡುವಾದಾಗಲೆಲ್ಲ ಓದತೊಡಗಿದೆ.

೨೦೦೯ರಲ್ಲಿ ಆ ನಗರ ಒಂದು ಕಾಯಿದೆ ಮಾಡಿತು. ೫೦,೦೦೦ ಚದರಡಿಗೆ ಮಿಕ್ಕ ಕಟ್ಟಡಗಳ ಒಡೆಯರು ತಮ್ಮ ಕಟ್ಟಡ ವರ್ಷವಿಡೀ ನುಂಗಿದ ವಿದ್ಯುತ್ತು, ಅನಿಲ, ಎಣ್ಣೆ, ಹಬೆಗಳ ಲೆಕ್ಕವನ್ನು ನಗರಕ್ಕೆ ಒಪ್ಪಿಸಬೇಕು. ನಗರ ಅದನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕು. ೨೦೧೬ರಲ್ಲಿ ಈ ಮಿತಿ ೨೫,೦೦೦ ಚದರಡಿಗೆ ಇಳಿಯಿತು. ೨೦೧೮ರ ಇನ್ನೊಂದು ಕಾಯಿದೆ ಆ ಲೆಕ್ಕವನ್ನು ಒಂದು ಅಕ್ಷರವಾಗಿ ಮಾಡಿ ಬಾಗಿಲಿಗೆ ಅಂಟಿಸಬೇಕೆಂದು ವಿಧಿಸಿತು. ೨೦೨೦ರಲ್ಲಿ ಮೊದಲ ಅಕ್ಷರಗಳು ಬಾಗಿಲೇರಿದವು. ಇದಕ್ಕೆ ಕಾರಣ ಇಷ್ಟೆ: ಭೂಮಿಯ ಶಾಖವನ್ನು ಏರಿಸುವ ಅನಿಲಗಳಲ್ಲಿ ಆ ಊರಿನ ಪಾಲು ಹೊರಡುವುದು ಮುಖ್ಯವಾಗಿ ಕಾರ್ಖಾನೆಗಳಿಂದಲ್ಲ, ಮೋಟಾರುಗಳಿಂದಲೂ ಅಲ್ಲ, ಅದರ ಮೂರರಲ್ಲಿ ಎರಡು ಪಾಲಿನಷ್ಟು ಕಟ್ಟಡಗಳದು. ಜನ ಕುಳಿತು ಕೆಲಸ ಮಾಡುವ, ಉಣ್ಣುವ, ಮಲಗುವ ಕಟ್ಟಡಗಳದು.

ಆ ದರ್ಜೆಯ ಕ್ರಮ ನಮಗೆ ಪರಿಚಿತವಾದುದೇ. ನೂರಕ್ಕೆ ೮೫ ಅಥವಾ ಹೆಚ್ಚು ಬಂದರೆ ಎ, ೭೦ರಿಂದ ಬಿ, ೫೫ರಿಂದ ಸಿ, ಅದಕ್ಕೂ ಕೆಳಗಿನದು ಡಿ. ಹಾಗಾದರೆ ಎಫ್? ನನಗೆ ಅಲ್ಲಿ ಒಂದು ವಿಶೇಷ ಕಂಡಿತು. ಎಫ್ ಎಂಬುದು ಅತಿ ಹೆಚ್ಚು ಉರಿಸಿದವನಿಗೆ ಕೊಡುವ ದರ್ಜೆಯಲ್ಲ. ಲೆಕ್ಕವನ್ನೇ ಒಪ್ಪಿಸದವನಿಗೆ ಕೊಡುವ ದರ್ಜೆ. ಎಷ್ಟು ಪೋಲು ಮಾಡಿದ್ದರೂ ಸರಿ, ಇಷ್ಟು ಮಾಡಿದೆ ಎಂದು ಒಪ್ಪಿಕೊಂಡವನು ಡಿ. ಬಾಯಿ ಬಿಡದವನು ಅವನಿಗಿಂತ ಕೆಳಗೆ. ಆ ಕಾಯಿದೆ ಬರೆದವರು ಇದನ್ನು ಕಚೇರಿಯ ಅನುಕೂಲಕ್ಕಾಗಿ ಮಾಡಿದರೋ ನೀತಿಯ ದೃಷ್ಟಿಯಿಂದ ಮಾಡಿದರೋ, ನನಗಂತೂ ಇದು ಒಪ್ಪಿಗೆಯಾಯಿತು. ತಪ್ಪು ಬರೆದ ಹುಡುಗನಿಗೆ ನಾನು ಏನಾದರೂ ಹೇಳಿಕೊಡಬಲ್ಲೆ. ಖಾಲಿ ಕಾಗದ ಕೊಟ್ಟು ಹೋದವನಿಗೆ ಏನು ಹೇಳಲಿ?

ಆದರೆ ಬಾಗಿಲಿಗೆ ಅಂಟಿಸುವುದು ಬೇಕೆ? ಮನೆಯ ಖರ್ಚು ಮನೆಯವರ ಗುಟ್ಟು ಎಂದು ನಂಬಿ ಬೆಳೆದವರು ನಾವು. ಪಕ್ಕದ ಮನೆಯವರು ತಿಂಗಳಿಗೆ ಎಷ್ಟು ಎಣ್ಣೆ ತರಿಸುತ್ತಾರೆಂದು ಇಣುಕುವವನನ್ನು ನಾವು ಸಭ್ಯನೆಂದು ಕರೆಯುವುದಿಲ್ಲ. ನಾನು ಕೆಲಕಾಲ ಈ ವಾದವನ್ನೇ ಹಿಡಿದಿದ್ದೆ. ಆಮೇಲೆ ಹೊಳೆಯಿತು: ಎಣ್ಣೆ ನನ್ನದಿರಬಹುದು, ದುಡ್ಡೂ ನನ್ನದಿರಬಹುದು, ಹೊಗೆ ನನ್ನದಲ್ಲ. ಅದು ಹೊಸಿಲು ದಾಟಿದ ಕೂಡಲೇ ಊರಿನದು. ಊರಿಗೆ ಹಂಚಿದ ಮೇಲೆ ಎಷ್ಟು ಹಂಚಿದೆ ಎಂದು ಕೇಳುವ ಹಕ್ಕು ಊರಿಗೂ ಉಂಟು.

ಲೆಕ್ಕ ಹೊರಬಿದ್ದಾಗ ಆದದ್ದು ಸ್ವಾರಸ್ಯವಾಗಿದೆ. ೨೦೧೨ರಲ್ಲಿ ಆ ನಗರದ ದೊಡ್ಡ ಕಟ್ಟಡಗಳ ಅಂಕಗಳು ಪತ್ರಿಕೆಗಳಿಗೆ ಬಂದವು. ವಾಸ್ತುಶಿಲ್ಪವನ್ನು ಓದುವವರೆಲ್ಲ ತೀರ್ಥಕ್ಷೇತ್ರದಂತೆ ನೋಡಿ ಬರುವ ಸೀಗ್ರಾಮ್ ಕಟ್ಟಡಕ್ಕೆ, ಮೀಸ್ ವಾನ್ ಡೆರ್ ರೋ ಎಂಬ ಮಹಾಶಿಲ್ಪಿ ೧೯೫೮ರಲ್ಲಿ ಮುಗಿಸಿದ ಕಂಚು ಗಾಜುಗಳ ಆ ಕಟ್ಟಡಕ್ಕೆ, ಆ ವರ್ಷ ಬಂದ ಅಂಕ ನೂರಕ್ಕೆ ೩. ಮೂವತ್ತಲ್ಲ, ಮೂರು. ಅದಕ್ಕಿಂತ ಸುಮಾರು ಮೂವತ್ತು ವರ್ಷ ಹಿಂದಿನ ಕ್ರೈಸ್ಲರ್ ಕಟ್ಟಡಕ್ಕೆ ೮೪. ೧೯೩೧ರ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ೮೦. ಹೊಸ ಕಾಲದ್ದು, ಹಸಿರು ಕಟ್ಟಡವೆಂದು ಚಿನ್ನದ ಪ್ರಮಾಣಪತ್ರ ಪಡೆದದ್ದು, ಏಳನೆಯ ವರ್ಲ್ಡ್ ಟ್ರೇಡ್ ಸೆಂಟರ್, ಅದಕ್ಕೆ ೭೪. ಅಜ್ಜಂದಿರು ಮೊಮ್ಮಗನಿಗಿಂತ ಮುಂದಿದ್ದರು.

ಚಿನ್ನದ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಅಂಥ ಪ್ರಮಾಣಪತ್ರಗಳು ಹೆಚ್ಚಾಗಿ ಕಟ್ಟಡವನ್ನು ಹೇಗೆ ಯೋಜಿಸಿದ್ದಾರೆ, ಯಾವ ಸಾಮಾನು ಹಾಕಿದ್ದಾರೆ ಎಂಬುದನ್ನು ನೋಡಿ ಕೊಡುವಂಥವು. ಬಾಗಿಲಿನ ಅಕ್ಷರ ವರ್ಷದ ಕೊನೆಯಲ್ಲಿ ಮೀಟರು ಓದಿ ಕೊಡುವಂಥದು. ಒಂದು ಜಾತಕ, ಇನ್ನೊಂದು ಬದುಕು. ಜಾತಕದಲ್ಲಿ ಗುರು ಉಚ್ಚನಾಗಿದ್ದೂ ಹುಡುಗ ಪೋಲಿಯಾಗಿರುವುದನ್ನು ನಾವು ಎಷ್ಟು ಮನೆಗಳಲ್ಲಿ ಕಂಡಿಲ್ಲ?

ಸೀಗ್ರಾಮಿನ ಮೂರು ಅಂಕ ನನ್ನನ್ನು ಬಹಳ ದಿನ ಕಾಡಿತು. ೧೯೫೮ರಲ್ಲಿ ಇಂಧನ ಅಗ್ಗವಾಗಿತ್ತು; ಒಂದೇ ಪದರದ ಗಾಜಿನ ಗೋಡೆ ತಪ್ಪೆಂದು ಯಾರೂ ತಿಳಿದಿರಲಿಲ್ಲ. ಅದನ್ನು ಕಟ್ಟಿದವನ ಮುಂದೆ ಇದ್ದ ಪ್ರಶ್ನೆಪತ್ರಿಕೆಯೇ ಬೇರೆ. ಅವನು ಬರೆದ ಉತ್ತರವನ್ನು ನಮ್ಮ ಕಾಲದ ಪ್ರಶ್ನೆಪತ್ರಿಕೆ ಇಟ್ಟುಕೊಂಡು ತಿದ್ದಬಹುದೆ? ಹಳೆಯ ಕಾವ್ಯಗಳನ್ನು ಪಾಠ ಹೇಳುವ ನಮಗೆ ಈ ತೊಡಕು ದಿನನಿತ್ಯದ್ದು. ಸಾವಿರ ವರ್ಷದ ಹಿಂದಿನ ಕವಿಯನ್ನು ಇಂದಿನ ನೀತಿಯ ಮುಂದೆ ನಿಲ್ಲಿಸಿ ಬೈಯುವುದು ಸುಲಭ, ನ್ಯಾಯವಲ್ಲ. ಆದರೆ ಕಾವ್ಯಕ್ಕೂ ಕಟ್ಟಡಕ್ಕೂ ಒಂದು ಅಂತರವಿದೆ. ಕವಿ ಬರೆದು ಮುಗಿಸಿದ. ಕಟ್ಟಡ ಇನ್ನೂ ಬರೆಯುತ್ತಲೇ ಇದೆ. ಇವತ್ತು ಬೆಳಗ್ಗೆಯೂ ಉರಿಸುತ್ತಿದೆ. ಅಂಕ ಕೊಟ್ಟದ್ದು ಶಿಲ್ಪಿಗಲ್ಲ, ಇವತ್ತು ಬೀಗದ ಕೈ ಹಿಡಿದಿರುವವನಿಗೆ ಎಂದಾದರೆ ನನ್ನ ತಕರಾರು ಅರ್ಧ ಕರಗುತ್ತದೆ. ಎಂಪೈರ್ ಸ್ಟೇಟಿನ ೮೦ ಅಂಕವೂ ೧೯೩೧ರ ಪುಣ್ಯದಿಂದಷ್ಟೇ ಬಂದದ್ದಲ್ಲ. ಶಕ್ತಿಯ ಬಳಕೆಯನ್ನು ನೂರಕ್ಕೆ ೩೮ರಷ್ಟು ಇಳಿಸಬೇಕೆಂದು ೨೦೦೯ರಲ್ಲಿ ಅದರ ಒಡೆಯರು ಹೊರಟರು. ಅದರ ೬,೫೧೪ ಕಿಟಕಿಗಳನ್ನು ಎಸೆದು ಹೊಸದನ್ನು ತರಿಸುವ ಬದಲು, ಕಟ್ಟಡದೊಳಗೇ ಒಂದು ಮಹಡಿಯಲ್ಲಿ ಕೆಲಸದ ಮನೆ ಹೂಡಿ, ಇದ್ದ ಗಾಜನ್ನೇ ಬಿಚ್ಚಿ, ನಡುವೆ ತೆಳುವಾದ ಹಾಳೆಯಿಟ್ಟು ಮತ್ತೆ ಕೂರಿಸಿದರು. ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳ ಶಾಖ ಹೊರಗೋಡೆಗೆ ಸೋರದಂತೆ ಅವುಗಳ ಹಿಂದೆ ತಡೆ ಇಟ್ಟರು. ಹಳೆಯ ಪಂಚೆಗೆ ತೇಪೆ ಹಾಕುವ ಜಾಣತನ ಇದು. ದೊಡ್ಡವರ ಮನೆಯಲ್ಲಿ ಇದನ್ನು ಕಂಡರೆ ಸಂತೋಷವಾಗುತ್ತದೆ.

ಇನ್ನು ಅಂಕ ಹಾಕುವ ವಿಧಾನಕ್ಕೆ ಬರೋಣ. ಇಲ್ಲಿ ನನ್ನ ವೃತ್ತಿಯ ಸಂಶಯ ಜೋರಾಗುತ್ತದೆ. ನೂರಕ್ಕೆ ೮೦ ಎಂದರೆ, ಆಗಬೇಕಾದ ನೂರು ಕೆಲಸಗಳಲ್ಲಿ ಎಂಬತ್ತನ್ನು ಮಾಡಿದೆ ಎಂದರ್ಥವಲ್ಲ. ದೇಶದಲ್ಲಿ ಇದೇ ಬಗೆಯ ಕಟ್ಟಡಗಳನ್ನು ಸಾಲಾಗಿ ನಿಲ್ಲಿಸಿದರೆ, ನೂರಕ್ಕೆ ಎಂಬತ್ತರಷ್ಟು ಇದರ ಹಿಂದೆ ಇವೆ ಎಂದರ್ಥ. ಹವೆ ಎಂಥದು, ಎಷ್ಟು ಗಂಟೆ ಕೆಲಸ, ಎಷ್ಟು ಜನ, ಎಷ್ಟು ಗಣಕಯಂತ್ರ ಎಂಬುದನ್ನೆಲ್ಲ ಲೆಕ್ಕಕ್ಕೆ ಹಿಡಿದು ಸರಿದೂಗಿಸುತ್ತಾರೆ. ಆ ಮಟ್ಟಿಗೆ ಎಚ್ಚರಿಕೆಯ ಕೆಲಸ. ಆದರೂ ಇದು ಹೋಲಿಕೆಯೇ ಹೊರತು ಅಳತೆಯಲ್ಲ. ೨೦೧೮ರಲ್ಲಿ, ಹೋಲಿಸುವ ಗುಂಪನ್ನು ೨೦೦೩ರ ಸಮೀಕ್ಷೆಯಿಂದ ೨೦೧೨ರ ಸಮೀಕ್ಷೆಗೆ ಬದಲಾಯಿಸಿದಾಗ ಬಹಳಷ್ಟು ಕಟ್ಟಡಗಳ ಅಂಕ ಇಳಿದುಹೋಯಿತು. ಅವು ಒಂದು ದೀಪವನ್ನೂ ಹೆಚ್ಚು ಉರಿಸಿರಲಿಲ್ಲ. ಅಷ್ಟರಲ್ಲಿ ನೆರೆಯವರು ಸುಧಾರಿಸಿಕೊಂಡಿದ್ದರು, ಅಷ್ಟೆ. ಜಾಣರ ತರಗತಿಗೆ ಸೇರಿದ ಸಾಧಾರಣ ಹುಡುಗನ ಪಾಡು. ಇದರ ತಿರುವುಮುರುವೂ ನಿಜ: ಕುಡುಕರ ಕೂಟದಲ್ಲಿ ದಿನಕ್ಕೆರಡು ಲೋಟ ಕುಡಿಯುವವನು ಸಂಯಮಿ ಎನಿಸಿಕೊಳ್ಳುತ್ತಾನೆ.

ಅಕ್ಕನ ಮಗಳಿಗೆ ಇದನ್ನೆಲ್ಲ ದೂರವಾಣಿಯಲ್ಲಿ ವಿವರಿಸಿದೆ. ಅವಳು ನಕ್ಕು, "ಅದೆಲ್ಲ ಇರ್ಲಿ ಮಾಮ. ನಮ್ಮ ಮನೇಲಿ ಜನವರಿ ತಿಂಗಳಲ್ಲೂ ಕಿಟಕಿ ತೆರೆದಿಟ್ಟು ಮಲಗ್ತೀವಿ ಗೊತ್ತಾ?" ಎಂದಳು. ಆ ಹಳೆಯ ಕಟ್ಟಡಗಳಲ್ಲಿ ನೆಲಮಾಳಿಗೆಯ ಬಾಯ್ಲರಿನಿಂದ ಎಲ್ಲ ಮನೆಗಳಿಗೂ ಹಬೆ ಹರಿಯುತ್ತದೆ. ಯಾರ ಮನೆಗೆ ಎಷ್ಟು ಎಂದು ತಿರುಗಿಸಿಕೊಳ್ಳುವ ಸ್ವಾತಂತ್ರ್ಯ ಎಷ್ಟೋ ಮನೆಗಳವರಿಗೆ ಇಲ್ಲ. ಹೊರಗೆ ಹಿಮ, ಒಳಗೆ ಬೇಯುವ ಸೆಕೆ, ನಡುವೆ ತೆರೆದ ಕಿಟಕಿ. ಅವಳು ಪೋಲು ಮಾಡುತ್ತಿದ್ದಾಳೆಯೇ? ಮಾಡುತ್ತಿದ್ದಾಳೆ. ಅವಳ ತಪ್ಪೇ? ಅಲ್ಲ. ಬಾಗಿಲಿನ 'ಡಿ' ಮಾತ್ರ ಅವಳದೂ ಹೌದು. ಬಾಯ್ಲರನ್ನು ಮೂವತ್ತು ವರ್ಷ ಮುಟ್ಟದ ಒಡೆಯನದೂ ಹೌದು. ಒಂದೇ ಅಕ್ಷರದಲ್ಲಿ ಇಬ್ಬರನ್ನೂ ಕಟ್ಟಿಹಾಕಿದೆ. ೨೦೧೯ರ ಕಾಯಿದೆ ಇನ್ನೂ ಮುಂದೆ ಹೋಗಿ, ೨೦೨೪ರಿಂದ ಮಿತಿ ಮೀರಿದ ಕಟ್ಟಡಕ್ಕೆ ಟನ್ ಒಂದಕ್ಕೆ ೨೬೮ ಡಾಲರು ದಂಡ ಹಾಕುತ್ತದೆ. ಬಾಡಿಗೆ ನಿಯಂತ್ರಣವುಳ್ಳ ಹಲವು ಕಟ್ಟಡಗಳಿಗೆ ಬೇರೆ ದಾರಿ ಇಟ್ಟಿದ್ದಾರೆ, ಅದು ವಿವೇಕ. ಆದರೂ ನಿವಾಸಿಗಳೇ ಕೂಡಿ ಒಡೆಯರಾಗಿರುವ ಕಟ್ಟಡಗಳಲ್ಲಿ ಪಿಂಚಣಿಯ ಮೇಲೆ ಬದುಕುವ ಮುದುಕಿಯ ಪಾಲಿಗೂ ಆ ದಂಡದ ಒಂದು ತುಣುಕು ಬೀಳುತ್ತದೆ. ಕೂಡಿ ಬಾಳುವವರು ಕೂಡಿ ತೆರಬೇಕೆಂಬುದನ್ನು ಒಪ್ಪಬಹುದು. ಕೂಡಿ ನಿರ್ಧರಿಸುವ ಅಧಿಕಾರ ಇಲ್ಲದವರೂ ತೆರಬೇಕೆಂಬುದನ್ನು ಒಪ್ಪುವುದು ಕಷ್ಟ.

ಪರದೇಶದ ಮಾತು ಸಾಕು. ನಮ್ಮಲ್ಲೂ ಈ ಅಳತೆ ಬಂದಿದೆ. ೨೦೦೧ರ ಇಂಧನ ಸಂರಕ್ಷಣಾ ಕಾಯಿದೆಯ ಬೆನ್ನಿಗೆ ಕೇಂದ್ರದಲ್ಲಿ ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. ನಮ್ಮ ಮನೆಯ ಫ್ರಿಜ್ಜಿನ ಮೇಲೆ ನಕ್ಷತ್ರ ಅಂಟಿಸಿದವರು ಅವರೇ. ದೊಡ್ಡ ಕಟ್ಟಡಗಳನ್ನು ಹೇಗೆ ಕಟ್ಟಬೇಕೆಂಬ ಸಂಹಿತೆಯನ್ನು ಅವರು ೨೦೦೭ರಲ್ಲಿ ಹೊರಡಿಸಿ ೨೦೧೭ರಲ್ಲಿ ಪರಿಷ್ಕರಿಸಿದರು. ೨೦೦೯ರಲ್ಲಿ ಕಚೇರಿ ಕಟ್ಟಡಗಳಿಗೂ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವ ಯೋಜನೆ ಹೊರಟಿತು. ಅದರ ಅಳತೆಗೋಲು ಬಹಳ ಸರಳ: ವರ್ಷಕ್ಕೆ ಎಷ್ಟು ಯೂನಿಟ್ಟು ಉರಿಯಿತೋ ಅದನ್ನು ಕಟ್ಟಡದ ವಿಸ್ತಾರದಿಂದ ಭಾಗಿಸುವುದು. ಚದರ ಮೀಟರಿಗೆ ಇಷ್ಟು ಯೂನಿಟ್ಟು.

ನನಗೆ ಇದನ್ನು ಹೇಳಿದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ಆ ಯೋಜನೆಯ ಮೊದಲ ಕೋಷ್ಟಕವನ್ನು ನನ್ನ ಮುಂದೆ ಹರಡಿ, ದೆಹಲಿಯಂಥ ಹವೆಯ ಊರಿಗೆ ಹಾಕಿದ್ದ ಸಾಲಿನ ಮೇಲೆ ಬೆರಳಿಟ್ಟರು. ಅರ್ಧಕ್ಕಿಂತ ಹೆಚ್ಚು ಭಾಗ ಹವಾನಿಯಂತ್ರಿತವಾದ ಕಟ್ಟಡ ಚದರ ಮೀಟರಿಗೆ ೯೦ ಯೂನಿಟ್ಟಿಗಿಂತ ಕಡಿಮೆ ಬಳಸಿದರೆ ಐದು ನಕ್ಷತ್ರ. ಅರ್ಧಕ್ಕಿಂತ ಕಡಿಮೆ ಹವಾನಿಯಂತ್ರಣವಿರುವ ಕಟ್ಟಡಕ್ಕೆ ಬೇರೆ ಸಾಲು: ಐದು ನಕ್ಷತ್ರ ಬೇಕಾದರೆ ಅದು ೪೦ಕ್ಕಿಂತ ಕೆಳಗಿರಬೇಕು, ೭೦ರಿಂದ ೮೦ರೊಳಗೆ ಬಳಸಿದರೆ ಒಂದೇ ನಕ್ಷತ್ರ.

"ನೋಡಿ ಮೇಷ್ಟ್ರೇ," ಎಂದರು, "ಕಿಟಕಿ ತೆಗೆದು ಫ್ಯಾನು ಹಾಕ್ಕೊಂಡು ೭೫ ಯೂನಿಟ್ಟಲ್ಲಿ ಬದುಕಿದೋನಿಗೆ ಒಂದು ನಕ್ಷತ್ರ. ಎಲ್ಲಾ ಮುಚ್ಚಿ ಯಂತ್ರ ಹಾಕಿ ೮೫ ಯೂನಿಟ್ಟು ಉರಿಸಿದೋನಿಗೆ ಐದು. ನಮ್ಮ ಹಳೇ ಕಟ್ಟಡಕ್ಕೆ ಮರ್ಯಾದೆ ಬೇಕು ಅಂದ್ರೆ ಮೊದಲು ಏಸಿ ಹಾಕಿಸ್ಬೇಕು."

ತಮಾಷೆಗೆ ಹೇಳಿದ ಮಾತು. ಆದರೆ ನಾನು ಇಷ್ಟು ದಿನ ತಡಕಾಡುತ್ತಿದ್ದ ಪ್ರಶ್ನೆ ಅದರಲ್ಲೇ ಇತ್ತು. ಯೋಜನೆ ಮಾಡಿದವರನ್ನು ನಾನು ದೂರುವುದಿಲ್ಲ. ಸಮಾನರನ್ನು ಸಮಾನರ ಜೊತೆ ಹೋಲಿಸಬೇಕೆಂಬುದು ಅವರ ತರ್ಕ. ಅಂಥ ತರ್ಕವಿಲ್ಲದೆ ಯಾವ ಪರೀಕ್ಷೆಯೂ ನಡೆಯದು. ರಾತ್ರಿಯೆಲ್ಲ ಜನ ಕೂತು ಕೆಲಸ ಮಾಡುವ ಬಿಪಿಓ ಕಟ್ಟಡಗಳನ್ನು ಸಂಜೆ ಐದಕ್ಕೆ ಬೀಗ ಹಾಕುವ ಕಚೇರಿಯ ಜೊತೆ ತೂಗಲಾಗದೆಂದು ಅವಕ್ಕೆ ಗಂಟೆಯ ಲೆಕ್ಕದ ಬೇರೆ ಅಳತೆಯನ್ನೇ ಮಾಡಿದರು, ಅದೂ ಸರಿಯೇ. ಆದರೂ ಈ ಅಳತೆಗಳೆಲ್ಲ ಮೆಚ್ಚುವುದು ಚಾತುರ್ಯವನ್ನು, ಮಿತವನ್ನಲ್ಲ. ಎಷ್ಟು ಬೇಕು ಎಂದು ಕೇಳುವುದಿಲ್ಲ. ಬೇಕೆಂದದ್ದನ್ನು ಎಷ್ಟು ಅಗ್ಗವಾಗಿ ಪಡೆದೆ ಎಂದು ಕೇಳುತ್ತವೆ. ನಮ್ಮ ಅಜ್ಜಿ ಅಕ್ಕಿಯನ್ನು ಪಾವಿನಲ್ಲಿ ಅಳೆದು ಹಾಕುತ್ತಿದ್ದಳು, ತಲೆಗೆ ಇಷ್ಟು ಎಂದು. ಅಡುಗೆಮನೆಯ ಚದರಡಿಗೆ ಇಷ್ಟು ಎಂದು ಯಾವ ಅಜ್ಜಿಯೂ ಅಳೆದದ್ದಿಲ್ಲ. ಚದರ ಮೀಟರಿನಿಂದ ಭಾಗಿಸಿದರೆ, ಒಬ್ಬನೇ ಇರುವ ಹತ್ತು ಕೋಣೆಯ ಬಂಗಲೆ ಮಿತವ್ಯಯಿ ಎನಿಸೀತು. ಎಂಟು ಜನ ಒತ್ತಿಕೊಂಡಿರುವ ವಠಾರದ ಮನೆ ದುಂದುಗಾರ ಎನಿಸೀತು.

ಹಾಗಾದರೆ ಮಿತವನ್ನೇ ಕಾಯಿದೆ ಮಾಡೋಣವೆ? ಇಲ್ಲಿಯವರೆಗೆ ಬರೆದವನು ಹೌದೆಂದು ಬರೆದು ಮುಗಿಸಬಹುದಿತ್ತು. ಆದರೆ ಮಧ್ಯೆ ಒಂದು ಪ್ರಸಂಗ ನಡೆಯಿತು.

ನಮ್ಮ ಕಾಲೇಜಿಗೆ ಎರಡು ಕಟ್ಟಡಗಳು. ಹಳೆಯದು ಕಲ್ಲಿನ ದಪ್ಪ ಗೋಡೆಯದು. ಎತ್ತರದ ಮಾಡು, ಮೇಲೆ ಹಗ್ಗ ಎಳೆದು ತೆರೆಯುವ ಗವಾಕ್ಷಿಗಳು, ಸುತ್ತಲೂ ಜಗಲಿ. ಹೊಸದು ಪಶ್ಚಿಮಕ್ಕೆ ಮುಖ ಮಾಡಿ ನಿಂತ ಗಾಜಿನ ಪೆಟ್ಟಿಗೆ. ಹಳೆಯದರ ಮೇಲುಮಹಡಿಯನ್ನು ಯಾವಾಗಲೋ ತಗ್ಗು ಮಾಡಿನ ಸಿಮೆಂಟಿನಲ್ಲಿ ಏರಿಸಿದರು. ಪರೀಕ್ಷೆಗಳು ನಡೆಯುವುದು ಅಲ್ಲೇ. ಅಲ್ಲಿಗೆ ಹವಾನಿಯಂತ್ರಣ ಹಾಕಬೇಕೆಂದು ಆಡಳಿತದವರು ಸೂಚಿಸಿದಾಗ, ಅಭಿಪ್ರಾಯ ಹೇಳಬೇಕಾದ ಐವರಲ್ಲಿ ನಾನೂ ಒಬ್ಬನಾದೆ. ನಾನು ಮಿತದ ಮೇಲೆ ಒಂದು ಒಳ್ಳೆಯ ಉಪನ್ಯಾಸ ಸಿದ್ಧಮಾಡಿಕೊಂಡೆ. ನಾವೆಲ್ಲ ಫ್ಯಾನಿಲ್ಲದೆ ಓದಲಿಲ್ಲವೆ ಎಂಬುದು ಅದರ ಪಲ್ಲವಿ.

ಸಭೆಗೆ ಎರಡು ದಿನ ಮುಂಚೆ, ಏಪ್ರಿಲ್ ತಿಂಗಳ ಮಧ್ಯಾಹ್ನ, ಅದೇ ಕೋಣೆಯಲ್ಲಿ ನನಗೆ ಪರೀಕ್ಷೆಯ ಮೇಲ್ವಿಚಾರಣೆ ಬಿತ್ತು. ಮೇಲ್ವಿಚಾರಕನ ಕುರ್ಚಿ ಯಾವಾಗಲೂ ಫ್ಯಾನಿನ ಕೆಳಗಿರುತ್ತದೆ. ಇದನ್ನು ನಾನು ಅಂದಿನವರೆಗೆ ಗಮನಿಸಿರಲಿಲ್ಲ. ಕಡೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಪ್ರತಿ ನಾಲ್ಕು ಸಾಲಿಗೊಮ್ಮೆ ಸೆರಗಿನಿಂದ ಕೈ ಒರೆಸಿಕೊಂಡು ಬರೆಯುತ್ತಿದ್ದಳು. ಬೆವರು ಬಿದ್ದು ಕಾಗದದ ಮೇಲೆ ಶಾಯಿ ಹರಡಿತ್ತು. ಇಂಥ ಕಾಗದಗಳನ್ನು ತಿದ್ದುವಾಗ, ಅಂದವಾಗಿ ಬರೆಯಬಾರದೆ ಎಂದು ಎಷ್ಟು ಸಲ ಗೊಣಗಿದ್ದೇನೋ.

ಮಿತವೆಂಬುದು ಸಾಕಷ್ಟು ಇದ್ದು ಬಿಡುವವನ ಗುಣ. ಇಲ್ಲದವನ ಇಲ್ಲದಿರುವಿಕೆಗೆ ಮಿತವೆಂದು ಹೆಸರಿಟ್ಟು ಹೊಗಳುವುದು ಅಪಚಾರ. ನಮ್ಮ ದೇಶದ ಕಟ್ಟಡಗಳ ಅಂಕ ಚೆನ್ನಾಗಿ ಕಾಣುವುದು ಎಷ್ಟೋ ಸಲ ಅಲ್ಲಿರುವವರು ಬೇಯುತ್ತಿರುವುದರಿಂದ. ಹೀಗೆ ಯೋಚಿಸುತ್ತ ನನ್ನ ಉಪನ್ಯಾಸ ಜೇಬಿನಲ್ಲೇ ಉಳಿಯಿತು.

ಸಭೆಯಲ್ಲಿ ನಾನು ಹೇಳಿದ್ದು ಎರಡೇ ಮಾತು. ಮೊದಲು ತಾರಸಿಗೆ ದಪ್ಪನಾಗಿ ಸುಣ್ಣ ಬಳಿಯಿರಿ, ಮುಚ್ಚಿಹೋಗಿರುವ ಎದುರುಬದುರು ಕಿಟಕಿಗಳನ್ನು ತೆರೆಸಿರಿ. ಆಮೇಲೂ ಬೇಕೆನಿಸಿದರೆ ಯಂತ್ರ ತರಿಸಿರಿ. ಎರಡನೆಯದು, ಎರಡು ಕಟ್ಟಡಗಳ ಮೀಟರನ್ನೂ ತಿಂಗಳಿಗೊಮ್ಮೆ ಓದಿ, ಹೆಬ್ಬಾಗಿಲ ಕಪ್ಪು ಹಲಗೆಯ ಮೇಲೆ ಬರೆಯಿಸಿರಿ. ಅಕ್ಷರ ಬೇಡ, ನಕ್ಷತ್ರ ಬೇಡ. ಯೂನಿಟ್ಟಿನ ಸಂಖ್ಯೆ ಮಾತ್ರ, ಪಕ್ಕದಲ್ಲಿ ಹೋದ ವರ್ಷ ಇದೇ ತಿಂಗಳ ಸಂಖ್ಯೆ. ನೆರೆಯವನೊಡನೆ ಹೋಲಿಸಿಕೊಂಡರೆ ಸೊಕ್ಕೋ ಸಂಕಟವೋ ಬರುತ್ತದೆ. ತನ್ನ ನಿನ್ನೆಯೊಡನೆ ಹೋಲಿಸಿಕೊಂಡರೆ ಕಾರಣ ಹುಡುಕಬೇಕೆನಿಸುತ್ತದೆ ಎಂಬುದು ನನ್ನ ಅನುಭವ. ಹುಡುಗರ ವಿಷಯದಲ್ಲಂತೂ ಹೌದು.

ಸುಣ್ಣ ಬಳಿದರು. ಕಿಟಕಿಗಳಲ್ಲಿ ಅರ್ಧ ತೆರೆದವು, ಉಳಿದವು ತುಕ್ಕು ಹಿಡಿದಿದ್ದವು. ಯಂತ್ರಗಳೂ ಬಂದವು, ನಾಲ್ಕು ಕೇಳಿದ್ದರು, ಎರಡು ಬಂದವು. ಒಪ್ಪಿಗೆಯ ಕಾಗದದ ಮೇಲೆ ನಾನೂ ಸಹಿ ಮಾಡಿದೆ. ಸರಿ ಮಾಡಿದಿರಾ ಎಂದು ಭೌತಶಾಸ್ತ್ರದ ಮೇಷ್ಟ್ರು ಕೇಳಿದರೆ ಮಾತು ಬದಲಾಯಿಸುತ್ತೇನೆ.

ಹಲಗೆಗೆ ಯಾರೂ ಅಡ್ಡಿ ಹೇಳಲಿಲ್ಲ, ಅದಕ್ಕೆ ಖರ್ಚಿಲ್ಲವಾದ್ದರಿಂದ. ಬರೆಯುವ ಕೆಲಸ ನಮ್ಮ ಅಟೆಂಡರಿಗೆ ಬಿತ್ತು. ಮೂವತ್ತು ವರ್ಷದಿಂದ ಸಂಜೆ ಎಲ್ಲ ಕೋಣೆಗಳ ಫ್ಯಾನು ದೀಪಗಳನ್ನು ಆರಿಸಿಕೊಂಡು ಹೋಗುವವರು ಅವರು. ಇಷ್ಟು ದಿನ ಅದಕ್ಕೆ ಯಾರೂ ಅಂಕ ಕೊಟ್ಟಿರಲಿಲ್ಲ. ಜೂನ್ ಮೊದಲ ವಾರ ನಾನು ಕಾಲೇಜಿಗೆ ಹೋದಾಗ ಅವರು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಿದ್ದರು. ಮೇ ತಿಂಗಳ ಲೆಕ್ಕ. ಹಳೆಯ ಕಟ್ಟಡದ್ದು ಹೆಚ್ಚುಕಡಿಮೆ ಶೂನ್ಯಕ್ಕೆ ಇಳಿದಿತ್ತು. ಹೊಸ ಕಟ್ಟಡದ್ದು ಏಪ್ರಿಲಿನ ಅರ್ಧಕ್ಕೂ ಇಳಿದಿರಲಿಲ್ಲ.

"ಸಾರ್, ಮೇನಲ್ಲಿ ಕಾಲೇಜು ಮುಚ್ಚಿತ್ತಲ್ಲ," ಎಂದರು. "ಇಷ್ಟೊಂದು ಯಾರಿಗೋಸ್ಕರ ಓಡ್ತು?"

ನನಗೆ ಗೊತ್ತಿರಲಿಲ್ಲ. ಅವರು ಬೀಗದ ಕೈಗೊಂಚಲನ್ನು ತೆಗೆದುಕೊಂಡರು. ಇಬ್ಬರೂ ಹೊಸ ಕಟ್ಟಡದ ಕಡೆಗೆ ನಡೆದೆವು; ಗಣಕಯಂತ್ರಗಳ ಕೋಣೆಯಿಂದಲೇ ಶುರುಮಾಡೋಣವೆಂದು.